ಕುಂಕುಮವಿಟ್ಟ ಕೀಲಿ

ಗಾಜಿನ ಬೀರುವಿನೊಳಗೆ, ಹೆಬ್ಬೆರಳುದ್ದದ ಆ ಕೀಲಿಯ ಮೇಲೆ ಕುಂಕುಮದ ಬೊಟ್ಟಿತ್ತು.

ನಾನಾಗ ಕಾಲೇಜೊಂದರ ಭೂಗೋಳ ವಿಭಾಗದಲ್ಲಿ ಅತಿಥಿ ಉಪನ್ಯಾಸಕ. ಅಂತಿಮ ವರ್ಷದವರು ನಕ್ಷೆಯನ್ನು ಇಂಥದೇ ಸಾಫ್ಟ್‌ವೇರಿನಲ್ಲಿ ಬರೆಯಬೇಕು ಎಂದು ವಿಶ್ವವಿದ್ಯಾಲಯ ಕಡ್ಡಾಯ ಮಾಡಿತ್ತು. ಅದು ತೆರೆಯಬೇಕಾದರೆ ಕಂಪ್ಯೂಟರಿಗೆ ಪೆನ್‌ಡ್ರೈವಿನಂಥ ಈ ಕೀಲಿ ಚುಚ್ಚಬೇಕು. ಇಡೀ ವಿಭಾಗಕ್ಕೆ ಇದ್ದದ್ದು ಅದೊಂದೇ. ಮುಖ್ಯಸ್ಥ ಪುಟ್ಟಸ್ವಾಮಯ್ಯನವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವರಿಗೆ ಆ ಸಾಫ್ಟ್‌ವೇರ್ ಬರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೇ. ತಪಾಸಣೆಯವರಿಗೆ ತೋರಿಸಲು ಇದ್ದರೆ ಸಾಕಿತ್ತು.

ಮಾದೇವಿ ಎಂಬ ವಿದ್ಯಾರ್ಥಿನಿ ದಿನವೂ ಬರುತ್ತಿದ್ದಳು. "ಒಂದ್ ಗಂಟೆ ಕೀ ಕೊಡ್ಸಿ ಸಾರ್. ಇದೊಂದ್ ಪಾಸಾದ್ರೆ ಬಿ.ಎಡ್. ಸೀಟು ಸಿಗ್ತೈತೆ."

"ಹಬ್ಬ ಕಳೀಲಿ, ತಡಿಯಮ್ಮ," ಎಂದು ಮುಖ್ಯಸ್ಥರು ಸಾಗಹಾಕುತ್ತಿದ್ದರು.

ಆಯುಧಪೂಜೆಯ ದಿನ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು: ಸರ್ವೇ ಸರಪಳಿ, ದಿಕ್ಸೂಚಿ, ಕಂಪ್ಯೂಟರು, ಕೀಲಿ. ಮಂಗಳಾರತಿಯಾಯಿತು, ಪುರಿ ಹಂಚಿದೆವು. ಹಬ್ಬ ಮುಗಿದ ಮೇಲೆ ಕೀಲಿ ಚುಚ್ಚಿದರೆ, ಜಪ್ಪಯ್ಯ ಅಂದರೂ ಸಾಫ್ಟ್‌ವೇರ್ ತೆರೆಯಲಿಲ್ಲ. ಕೀಲಿಯ ಬಾಯೊಳಗೆ ಒದ್ದೆ ಕುಂಕುಮ ಇಳಿದು ಗಟ್ಟಿಯಾಗಿತ್ತು. ಕೆರೆದು ಒರೆಸಿದರೂ ಅದು ಮತ್ತೆ ಕೆಲಸ ಮಾಡಲಿಲ್ಲ.

ಮುಖ್ಯಸ್ಥರು ಬಾಗಿಲು ಮುಂದಕ್ಕೆ ಹಾಕಿದರು. "ಹೊಸದು ತರಿಸ್ಬೇಕಂದ್ರೆ ಕಾರಣ ಬರ್ದು ಕೊಡ್ಬೇಕು ಕಣ್ರೀ. ಕುಂಕುಮ ಹಚ್ಚಿ ಕೆಡಿಸಿದ್ವಿ ಅಂತ ಬರೆಯಕ್ಕಾಗುತ್ತಾ? ನಗಾಡ್ತಾರೆ. ಮಕ್ಕಳು ಫೈಲ್ ಸಲ್ಲಿಸ್ಲಿಲ್ಲ ಅಂತ ಬರೀರಿ, ಮುಗೀತು."

ಕೊನೆಯ ದಿನ ಮಾದೇವಿ ಕೈಯಲ್ಲೇ ಬರೆದ ನಕ್ಷೆ ತಂದಳು. ಕೆರೆ, ತೂಬು, ಕಾಲುವೆ, ಏರುತಗ್ಗಿನ ಗೆರೆ ಎಲ್ಲವೂ ಇದ್ದವು. ನಾನು ಹುಡುಕಿದರೂ ತಪ್ಪು ಸಿಗಲಿಲ್ಲ.

"ಕೀ ಕೆಟ್ಟೈತಂತಲ್ಲ ಸಾರ್. ಹಂಗಂತ ನೀವೊಂದ್ ಚೀಟಿ ಬರ್ದು ಕೊಟ್ರೆ ಈ ನಕ್ಷೇನೇ ತಗೋತಾರಂತೆ. ಪರೀಕ್ಷಾ ವಿಭಾಗದಲ್ಲಿ ಕೇಳ್ಕೊಂಡ್ ಬಂದೆ."

ಒಂದೇ ಸಾಲು ಬರೆಯಬೇಕಿತ್ತು. ಆದರೆ ಕೆಡಿಸಿದವರು ಯಾರು ಎಂದು ಕೇಳಿಯೇ ಕೇಳುತ್ತಿದ್ದರು. ಥೂ ನನ್ನ ಜನ್ಮಕ್ಕೆ! ಭಕ್ತಿ ಉಕ್ಕಿ, ಕುಂಕುಮವನ್ನು ನೀರಲ್ಲಿ ಕಲಸಿ ಕೀಲಿಗೆ ಮೆತ್ತಿದ್ದು ನನ್ನದೇ ಬೆರಳು. ಅತಿಥಿ ಉಪನ್ಯಾಸಕನನ್ನು ಮನೆಗೆ ಕಳಿಸಲು ಅಷ್ಟು ಸಾಕಿತ್ತು. "ನೋಡೋಣಮ್ಮ," ಎಂದು ಅವಳನ್ನು ಕಳಿಸಿ, ಉಳಿದವರಂತೆ ಅವಳ ಹೆಸರಿನ ಮುಂದೆಯೂ 'ಸಲ್ಲಿಸಿಲ್ಲ' ಎಂದು ಬರೆದು ಸಹಿ ಹಾಕಿದೆ. ಅವಳು ಫೇಲಾದಳು, ಸೀಟೂ ಹೋಯಿತು. ಆಮೇಲೆ ಅವಳು ವಿಭಾಗದ ಕಡೆ ಬರಲಿಲ್ಲ.

ತಪಾಸಣೆಯವರು ಬಂದು, ಗಾಜಿನಾಚೆಯ ಕೀಲಿ ನೋಡಿ, 'ಸೌಲಭ್ಯ ಇದೆ' ಎಂದು ಬರೆದುಕೊಂಡು ಹೋದರು.

ಮರುವರ್ಷದ ಆಯುಧಪೂಜೆಗೆ ಮುಖ್ಯಸ್ಥರು ಆ ಸತ್ತ ಕೀಲಿಯನ್ನೂ ತಂದು ಮೇಜಿನ ಮೇಲಿಟ್ಟರು. "ಹಚ್ರೀ, ನಿಮ್ ಕೈಗುಣ ಒಳ್ಳೇದು," ಎಂದು ನಕ್ಕರು. ನಾನು ಬಟ್ಟಲಿಗೆ ಬೆರಳದ್ದಿ, ಹಳೆಯ ಬೊಟ್ಟಿನ ಮೇಲೆಯೇ ಹೊಸ ಬೊಟ್ಟಿಟ್ಟೆ.