ರಬ್ಬಿ ಗೆಟ್ಸೆಲ್ ಕುಣಿದ ಸಬ್ಬತ್

ನಮ್ಮ ಮನೆಯವರು ರಬ್ಬಿ ಗೆಟ್ಸೆಲ್ ನಮ್ಮ ಯೆಹೂದಿ ಗುಪ್ತವಿದ್ಯೆಯಾದ ಕಬ್ಬಾಲಾದ ಗೂಢಾರ್ಥಗಳನ್ನೆಲ್ಲ ಬಲ್ಲವರು. ಒಲೆಯ ಮೇಲೆ ಹಾಲು ಉಕ್ಕುವುದು ಮಾತ್ರ ಅವರಿಗೆ ಕಾಣದು. ಪ್ರಾರ್ಥನೆಗೆ ನಿಂತರೆ ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಉಕ್ರೇನಿನ ಪೊದೋಲಿಯಾದ ನಮ್ಮೂರಿನ ಗಾಡಿಯವರು, ದರ್ಜಿಗಳು ಅವರ ಜೊತೆ ಕುಣಿಯತೊಡಗಿದ್ದೇ ತಡ, ಊರ ಮುಖ್ಯಸ್ಥ ಶಖ್ನಾ ಕೆಂಡವಾದ. ಶನಿವಾರದ ವಿಶ್ರಾಂತಿಯ ದಿನ ಸಬ್ಬತ್ ಕಳೆದ ಮರುದಿನವೇ ನಾವು ಊರು ಬಿಡಬೇಕೆಂದು ಹೇಳಿಕಳಿಸಿದ.

ಹೊರಗೆ ಮೊಣಕಾಲುದ್ದ ಹಿಮ. ಮನೆಯಲ್ಲಿ ಕೆಮ್ಮುವ ಮಕ್ಕಳು.

"ದೇವರು ಆ ಕಡೆಯೂ ಇದ್ದಾನೆ ಕಣೆ ಹಿಂಡಾ," ಎಂದು ನಕ್ಕರು ಇವರು.

"ದೇವರಿರ್ತಾನೆ ರೀ, ಸೂರು ಎಲ್ಲಿರುತ್ತೆ?"

ನಮ್ಮಲ್ಲೊಂದು ಹಳೆಯ ಪದ್ಧತಿಯಿದೆ: ಅನ್ಯಾಯವಾದವರು ಯಾರೇ ಆಗಲಿ, ಸಬ್ಬತ್ ಬೆಳಿಗ್ಗೆ ನಮ್ಮ ಧರ್ಮಗ್ರಂಥ ತೋರಾದ ಓದನ್ನು ತಡೆಯಬಹುದು. ಅವರ ದೂರು ತೀರುವ ತನಕ ಗ್ರಂಥದ ಸುರುಳಿ ಬಿಚ್ಚುವಂತಿಲ್ಲ. ಅಂದು ನಾನು ಪ್ರಾರ್ಥನಾ ಮಂದಿರದ ಹೆಂಗಸರ ಅಟ್ಟದಿಂದಿಳಿದು, ಗಂಡಸರ ನಡುವೆ ನುಗ್ಗಿ, ಓದುವ ಮೇಜಿನ ಮೇಲೆ ಎರಡೂ ಕೈ ಊರಿದೆ.

"ಓದು ನಿಲ್ಸಿ! ನನ್ನ ಗಂಡನಿಂದ ಯಾರಿಗೆ ಕೆಟ್ಟದಾಗಿದೆ? ಬಂದು ಹೇಳಿ."

ಗಾಡಿಯವರೆಲ್ಲ ಶಖ್ನಾನ ಕಡೆ ತಿರುಗಿದರು.

"ಕುಣೀತಾನಲ್ಲಮ್ಮ!" ಎಂದ ಶಖ್ನಾ.

"ಮನೇಲೂ ಕುಣೀತಾರೆ. ಒಡೆದಿದ್ದು ನನ್ನ ಮಡಕೆ. ನಿಮಗೇನ್ರೀ ಹೊಟ್ಟೆನೋವು?"

ಅಟ್ಟದಲ್ಲಿ ಹೆಂಗಸರು ಕಿಸಕ್ಕನೆ ನಕ್ಕರು. ಹೊತ್ತು ಏರಿತು. ಸಬ್ಬತ್‌ನಂದು ಬೆಂಕಿ ಹೊತ್ತಿಸುವಂತಿಲ್ಲವೆಂದು ಶುಕ್ರವಾರವೇ ಇಟ್ಟಿದ್ದ ಎಲ್ಲರ ಊಟವೂ ಬೇಕರಿಯವನ ಒಲೆಯಲ್ಲಿ ಒಣಗುತ್ತಿತ್ತು. ಕೊನೆಗೆ ಶಖ್ನಾ ಗಂಟಲು ಸರಿಮಾಡಿಕೊಂಡ. "ಸರಿ, ಇರ್ಲಿ ಊರಲ್ಲಿ. ಆದ್ರೆ ಕುಣಿಯೋ ಹಾಗಿಲ್ಲ."

ಇವರು ಪಾಪ, ತಲೆಯಾಡಿಸಿಯೇಬಿಟ್ಟರು! ನನಗೆ ಮೈಯೆಲ್ಲ ಉರಿಯಿತು. ಕುಣಿಯದ ಗೆಟ್ಸೆಲ್‌ರನ್ನು ಕಟ್ಟಿಕೊಂಡು ನಾನೇನು ಮಾಡಲಿ? ರೆಕ್ಕೆ ಕತ್ತರಿಸಿದ ಕೋಳಿಯ ಹಾಗೆ ಮನೆಯಲ್ಲಿ ಕೂತಿರುತ್ತಾರಷ್ಟೇ.

"ಅವರು ಒಪ್ಪಿದ್ರೂ ನಾನು ಒಪ್ಪಲ್ಲ. ಓದು ನಿಂತೇ ಇರ್ಲಿ," ಎಂದೆ.

ಆಗ ಅಟ್ಟದಿಂದ ಶಖ್ನಾನ ತಾಯಿ, ಮುದುಕಿ ಬ್ರೈನೆ, ಕೂಗಿದಳು: "ಲೋ ಶಖ್ನಾ! ನಿಮ್ಮಪ್ಪ ಸತ್ತಾಗಿಂದ ನಾನು ನಕ್ಕಿರ್ಲಿಲ್ಲ ಕಣೋ. ಆ ಮನುಷ್ಯ ಕುಣಿಯೋದು ನೋಡಿ ನಕ್ಕೆ. ಅದನ್ನೂ ಕಿತ್ಕೋತೀಯೇನೋ?"

ಶಖ್ನಾ ನೆಲ ನೋಡಿದ. ಮುಖ ಕೆಂಪಗಾಗಿತ್ತು. "ರಬ್ಬಿ ಗೆಟ್ಸೆಲ್ ಅವರೇ, ಓದಿನ ಮೊದಲ ಸ್ತುತಿ ನೀವೇ ಹೇಳಿ... ನಿಮ್ಮ ರೀತೀಲೇ," ಎಂದ.

ನಾನು ಮೇಜಿನಿಂದ ಕೈ ತೆಗೆದೆ. ಇವರು ಬಂದು, ಸಂಕೋಚದಿಂದ ಕಂಬದಂತೆ ನಿಂತರು.

"ಕುಣೀರಿ ಅಂದ್ರೆ!" ಎಂದು ಚೀರಿದೆ.

ಕುಣಿದರು! ಗಾಡಿಯವರ ಬೂಟುಗಳಿಗೆ ಹಲಗೆಯ ನೆಲ ಧಡಧಡ ಎಂದಿತು. ನಾನು ಎಲ್ಲರೆದುರು ಗಟ್ಟಿಯಾಗಿ ಅತ್ತುಬಿಟ್ಟೆ. ಗೆದ್ದಿದ್ದೆ; ಅಳಲು ನನಗೆ ಹಕ್ಕಿತ್ತು.