ಮೆನ್ಸಿಯಾ ತಂದ ತಟ್ಟೆ

ರಕ್ತ ಹೆಪ್ಪುಗಟ್ಟಬಾರದು ಎಂದರೆ ಕೈ ನಿಲ್ಲಬಾರದು. ಬ್ರಿಯಾಂಡಾಳ ಬಲಗೈ ಮೊಣಕೈವರೆಗೂ ಕೊಪ್ಪರಿಗೆಯೊಳಗಿತ್ತು. ಹಂದಿ ಇನ್ನೂ ಹಲಗೆಯ ಮೇಲೆ ಕಾಲು ಝಾಡಿಸುತ್ತಿತ್ತು. ಬೆರಳಿಗೆ ಎಳೆಎಳೆಯಾಗಿ ಸಿಕ್ಕುವ ಗರಣೆಯನ್ನು ಅವಳು ತೆಗೆದು ತೆಗೆದು ನೆಲಕ್ಕೆ ಎಸೆಯುತ್ತಿದ್ದಳು. ಅಂಗಳದಲ್ಲಿ ನಿಂತ ಹೆಂಗಸರು ಯಾರೂ ಹಂದಿಯನ್ನು ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದರು.

"ಮೂಗು ಮುರೀಬೇಡ ಕಣೇ," ಎಂದಳು ಪಕ್ಕದ ಮನೆಯ ಮೆನ್ಸಿಯಾ. ಹಂದಿ ಅವಳದು, ಅಂಗಳವೂ ಅವಳದು. "ಹೊಸ ಕ್ರೈಸ್ತರಿಗೆ ಮೊದಮೊದಲು ಹೊಟ್ಟೆ ತೊಳಸುತ್ತಂತೆ."

"ಹೊಗೆ ಅಕ್ಕಾ, ಕಣ್ಣಿಗೆ ಹೋಯ್ತು."

"ಹೊಗೆ ಎಲ್ಲೈತೆ? ಒಲೆ ಇನ್ನೂ ಹಚ್ಚೇ ಇಲ್ಲ!"

ಎಲ್ಲರೂ ನಕ್ಕರು. ಬ್ರಿಯಾಂಡಾ ಕೂಡ ನಕ್ಕಳು. ನಗದೆ ಗತಿಯಿರಲಿಲ್ಲ.

ಆ ವರ್ಷದಷ್ಟು ಘಂಟೆ ಬಾರಿಸಿದ ವರ್ಷವನ್ನು ಊರು ಕಂಡಿರಲಿಲ್ಲ. ಜನವರಿಯಲ್ಲಿ ಗ್ರಾನಡಾ ಬಿತ್ತು, ಮುಸಲ್ಮಾನ ದೊರೆಯ ಕೊನೆಯ ಪಟ್ಟಣವೂ ಕ್ರೈಸ್ತ ರಾಣಿಯ ಕೈಸೇರಿತು ಎಂದು ಮೂರು ದಿನ ಘಂಟೆ. ಆಗ ಯಹೂದಿ ಕೇರಿಯವರೂ ಕಿಟಕಿಗೆ ದೀಪವಿಟ್ಟಿದ್ದರು. ಬತ್ತಿ ಹೊಸೆದವಳು ಬ್ರಿಯಾಂಡಾಳೇ. ಆಗ ಇವಳ ಹೆಸರು ಸೋಲ್. ವಸಂತದಲ್ಲಿ ಡಂಗುರದವನು ಬಂದ: ಜುಲೈ ಮುಗಿಯುವುದರೊಳಗೆ ಯಹೂದಿಗಳು ಜ್ಞಾನಸ್ನಾನ ಮಾಡಿಸಿಕೊಳ್ಳಬೇಕು, ಇಲ್ಲವೇ ನಾಡು ಬಿಡಬೇಕು. ಅಣ್ಣ ಸಮುವೇಲ್ ದ್ರಾಕ್ಷಿ ತೋಟವನ್ನು ಒಂದು ಕುಂಟು ಕತ್ತೆಗೆ ಕೊಟ್ಟು ಪೋರ್ಚುಗಲ್ಲಿನ ದಾರಿ ಹಿಡಿದ. ಕತ್ತೆ ಕೊಟ್ಟವನು ಮೆನ್ಸಿಯಾಳ ಗಂಡ. ಸೊಂಟ ಬಿದ್ದುಹೋದ ಅವ್ವನನ್ನು ಅದರ ಮೇಲೆ ಕೂರಿಸಲು ಮೂರು ಸಲ ನೋಡಿದರು, ಆಗಲಿಲ್ಲ. ಅವ್ವನಿಗಾಗಿ ಸೋಲ್ ಉಳಿದಳು, ತಲೆಯ ಮೇಲೆ ನೀರು ಹೊಯ್ಯಿಸಿಕೊಂಡು ಬ್ರಿಯಾಂಡಾ ಆದಳು. ಅವ್ವನಿಗೆ ಹಾಸಿಗೆಯಲ್ಲೇ ನೀರು ಚಿಮುಕಿಸಿ ಪಾದ್ರಿ ಕತಲೀನಾ ಎಂದು ಹೆಸರಿಟ್ಟ.

ಈಗ ಉಳಿದಿರುವುದು ಒಂದೇ ಭಯ. ಹಂದಿ ಮುಟ್ಟದ ಹಳೆಯ ನೇಮ ಬಿಟ್ಟಿಲ್ಲವೆಂದು ಇಬ್ಬರು ಸಾಕ್ಷಿ ಹೇಳಿದರೆ ಸಾಕು, ಧರ್ಮವಿಚಾರಣೆಯವರು ಅವ್ವನನ್ನು ಹಾಸಿಗೆ ಸಮೇತ ಎತ್ತಿಕೊಂಡು ಹೋಗುತ್ತಾರೆ. ಮನೆ ಹರಾಜಿಗೆ ಬೀಳುತ್ತದೆ. ಮೆನ್ಸಿಯಾಳ ಮಗನಿಗೆ ಈಸ್ಟರ್ ಕಳೆದ ಮೇಲೆ ಮದುವೆ. ಹೊಸ ಜೋಡಿಗೆ ಇರಲು ಮನೆಯಿಲ್ಲ.

ಮಧ್ಯಾಹ್ನ, ರಕ್ತಕ್ಕೆ ಈರುಳ್ಳಿ, ಕೊಬ್ಬು ಬೆರೆಸಿ ಕರುಳಿಗೆ ತುಂಬಿ ಬೇಯಿಸಿದ್ದಾಯಿತು. ಮೆನ್ಸಿಯಾ ಮಣ್ಣಿನ ತಟ್ಟೆಗೆ ಬಿಸಿ ತುಂಡುಗಳನ್ನು ಹಾಕಿಕೊಂಡಳು.

"ನಡಿ, ಕತಲೀನಜ್ಜಿಗೆ ನಾನೇ ತಿನ್ನಿಸ್ತೀನಿ."

"ಅವ್ವಂಗೆ ಹಲ್ಲಿಲ್ಲ ಅಕ್ಕಾ. ಕೊಡು, ಆಮೇಲೆ ಕಿವುಚಿ ಕೊಡ್ತೀನಿ."

"ಆಮೇಲೆ ಯಾಕೆ? ಬಿಸಿ ಇದ್ದಾಗ್ಲೇ ಚೆಂದ."

ಹಿಂದೆಯೇ ಇನ್ನಿಬ್ಬರು ಹೆಂಗಸರು ಹೊರಟರು. ಇಬ್ಬರು. ಬ್ರಿಯಾಂಡಾ ಎಣಿಸಿಕೊಂಡಳು.

ಅವ್ವ ಚರ್ಚಿನ ಘಂಟೆ ಕೇಳಿದರೇ ಗೋಡೆಗೆ ತಿರುಗುವವಳು. ಪಾದ್ರಿ ಬಂದುಹೋದ ದಿನ ಹೊದಿಕೆಯ ಅಂಚಿನಿಂದ ಹಣೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು. ಈಗ ಉಗಿದಳೋ, ಮುಗಿಯಿತು.

ಮೆನ್ಸಿಯಾ ಹಾಸಿಗೆಯ ಅಂಚಿನಲ್ಲಿ ಕುಳಿತು ಒಂದು ತುಂಡನ್ನು ಹಿಸುಕಿದಳು. ಅವಳ ಉಗುರಿನ ಸಂದಿಯಲ್ಲಿ ರಕ್ತ ಒಣಗಿ ಕರ್ರಗಾಗಿತ್ತು. ಕೊಬ್ಬು ಮಣಿಕಟ್ಟಿನವರೆಗೆ ಇಳಿಯುತ್ತಿತ್ತು.

"ಆ ಅನ್ನಜ್ಜಿ, ಆ…"

ಹೆಂಗಸರು ಇಬ್ಬರೂ ಬಗ್ಗಿದರು, ಬಾವಿಗೆ ಬಿದ್ದ ಕೊಡ ನೋಡುವವರ ಹಾಗೆ. ಅವ್ವ ಬಾಯಿ ತೆರೆದಳು. ಬೆರಳು ಒಳಗೆ ಹೋಗಿ ಹೊರಗೆ ಬಂತು. ಅವ್ವ ಒಸಡಿನಲ್ಲೇ ನಿಧಾನವಾಗಿ ಅಗಿದಳು. ಗಂಟಲು ಏರಿತು, ಇಳಿಯಿತು.

"ಬಾಯಿ ತೋರ್ಸು, ನೋಡಣ."

ಅವ್ವ ನಾಲಿಗೆ ಚಾಚಿ ತೋರಿಸಿದಳು. ಆಮೇಲೆ ಹೇಳಿದಳು: "ಉಪ್ಪು ಸಾಲ್ದು."

ಜೊತೆಗೆ ಬಂದವರು ಕಿಸಕ್ಕನೆ ನಕ್ಕುಬಿಟ್ಟರು. ಮೆನ್ಸಿಯಾಳ ಮುಖ ಚಿಕ್ಕದಾಯಿತು. ಎದ್ದಳು; ಸುಮ್ಮನೆ ಅಡ್ಡಾಡುವವಳ ಹಾಗೆ ಗೋಡೆಗುಂಟ ಹೆಜ್ಜೆಗೆ ಹೆಜ್ಜೆ ತಾಗಿಸಿಕೊಂಡು ಬಾಗಿಲಿಂದ ಕಿಟಕಿಯವರೆಗೆ ನಡೆದಳು. ತುಟಿ ಅಲುಗುತ್ತಿತ್ತು.

"ಹದಿನೆಂಟು ಅಡಿ," ಎಂದಳು ಅವ್ವ ಮಲಗಿದಲ್ಲಿಂದಲೇ. "ನನ್ ಗಂಡ ಕಟ್ಟಿಸಿದ್ದು, ನಂಗೊತ್ತಿಲ್ವಾ? ನಿನ್ ಪಾದ ದೊಡ್ಡದು ಮಗಳೇ, ಹದಿನೇಳು ಅಂದ್ಕೊ."

ಈ ಸಲ ಯಾರೂ ನಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮುದುಕಿಗೆ ಅರಳುಮರಳು," ಎಂದು ಮೆನ್ಸಿಯಾ ತಟ್ಟೆ ಎತ್ತಿಕೊಂಡು ಹೊರಟುಹೋದಳು.

ಅಗುಳಿ ಹಾಕಿ ಬ್ರಿಯಾಂಡಾ ಬೋಗುಣಿ ತಂದಳು. "ಕಕ್ಕಿಬಿಡವ್ವಾ. ಗಂಟಲಿಗೆ ಬೆರಳು ಹಾಕ್ತೀನಿ."

"ಬೆರಳು ಅನ್ಬೇಡ. ಇವತ್ತಿಗೆ ಬೆರಳು ಸಾಕಾಯ್ತು." ಅವ್ವ ಬೋಗುಣಿಯನ್ನು ಪಕ್ಕಕ್ಕೆ ತಳ್ಳಿದಳು. "ಹಂದಿ ಪಾಪ, ಮೂಕ ಜೀವ. ಅದು ನಂಗೇನು ಮಾಡೈತೆ? ಹೊಟ್ಟೆಗೆ ಹೋಯ್ತು. ಆ ಕೈ ಐತಲ್ಲ, ಅದು ಮಾತ್ರ ಇನ್ನೂ ಬಾಯಲ್ಲೇ ಐತೆ. ನೀರು ಕೊಡು."

ಅವ್ವ ಮತ್ತೆ ಮತ್ತೆ ಮುಕ್ಕಳಿಸಿದಳು. ಬ್ರಿಯಾಂಡಾ ಬೂದಿ ಹಾಕಿ ತೋಳು ತಿಕ್ಕಿಕೊಂಡಳು. ರಕ್ತ ಹೋಯಿತು. ಮುದುಕಿಯ ಗಂಟಲು ನೋಡಲು ಬಗ್ಗಿದ ಆ ಮುಖಗಳು ಹೋಗಲಿಲ್ಲ. ಮೆನ್ಸಿಯಾ ಎರಡು ಹಗಲು ನೋವು ತಿಂದಾಗ ಅಡ್ಡ ಸಿಕ್ಕಿದ್ದ ಕೂಸನ್ನು ತಿರುಗಿಸಿ ಹೊರತಂದವಳು ಅವ್ವ. ಆ ಕೂಸಿಗೇ ಈಗ ಮನೆ ಬೇಕು. ಬ್ರಿಯಾಂಡಾಳಿಗೆ ವಾಕರಿಕೆ ಬಂದದ್ದು ಆಗ. ಬೋಗುಣಿ ಅವಳಿಗೇ ಬೇಕಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮೆನ್ಸಿಯಾ, ಕೈಯಲ್ಲಿ ನಿನ್ನೆಗಿಂತ ದೊಡ್ಡ ತಟ್ಟೆ. ಹಿಂದೆ ಮೂವರು.

"ಅಜ್ಜಿಗೆ ಉಪ್ಪು ಹಾಕಿ ತಂದೀನಿ ಕಣೇ."

ಅವಳ ಉಗುರು ಇನ್ನೂ ಕರ್ರಗೇ ಇತ್ತು. ಬ್ರಿಯಾಂಡಾ ಹೊಸಿಲು ಬಿಟ್ಟು ಕದಲಲಿಲ್ಲ. ಬಾಗಿಲ ಪಕ್ಕದ ಗೂಟದಿಂದ ಮರದ ಚಮಚ ತೆಗೆದು ಮುಂದೆ ಹಿಡಿದಳು.

"ಕೈ ಬೇಡ ಅಕ್ಕಾ. ಇದರಲ್ಲಿ ತಿನ್ನಿಸು."

"ಯಾಕೆ, ನನ್ ಕೈಗೇನಾಗೈತೆ?"

ಬ್ರಿಯಾಂಡಾ ಆ ಕೈಯನ್ನೇ ನೋಡಿದಳು. ಹಿಂದಿದ್ದ ಮೂವರೂ ನೋಡಿದರು. ಒಳಗಿಂದ ಅವ್ವ ಕೂಗಿದಳು, "ಬರಹೇಳೇ, ತಣ್ಣಗಾದ್ರೆ ಗಂಟಲಲ್ಲಿ ಇಳಿಯಲ್ಲ!"

"ತಗೊಳ್ಳೇ ಮೆನ್ಸಿಯಾ," ಎಂದಳು ಮೂವರಲ್ಲಿ ಒಬ್ಬಳು. "ತಿಂದ್ರಾಯ್ತಲ್ಲ."

ಮೆನ್ಸಿಯಾ ಚಮಚ ತೆಗೆದುಕೊಂಡಳು. ಆಗ ಬ್ರಿಯಾಂಡಾ ದಾರಿ ಬಿಟ್ಟಳು.