ಗೋಲ್‌ಕಂಬದ ಹಿಂದಿನ ಮೈಕು

ಫುಟ್‌ಬಾಲಿನ ದೊಡ್ಡ ಲೀಗಿನವರು ನನ್ನ ಅಣ್ಣನನ್ನು ಆರು ವರ್ಷ ಬೆಂಚಿನ ಮೇಲೆ ಕೂರಿಸಿದರು. ಮೂರನೇ ಗೋಲ್‌ಕೀಪರ್ ಎಂದರೆ ನೀರಿನ ಬಾಟಲಿ ಹಂಚುವವನು ಅಂತ ಅರ್ಥ. ಹೊಸ ಲೀಗು ಶುರುವಾದಾಗ ಅವನು ಅಲ್ಲಿಗೆ ಹೋದ. ಹೋದವರನ್ನು ಮತ್ತೆ ಸೇರಿಸುವುದಿಲ್ಲ ಎಂದು ದೊಡ್ಡ ಲೀಗಿನವರು ಪೇಪರಿನಲ್ಲಿ ಹಾಕಿಸಿದರು. ಅದನ್ನು ಓದಿದ ದಿನದಿಂದ ಅಪ್ಪ ಅಣ್ಣನ ಫೋನು ಎತ್ತಿರಲಿಲ್ಲ. ನಾಲ್ಕು ತಿಂಗಳಾಗಿತ್ತು.

ಅಪ್ಪ ಬಡಗಿ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅವನ ಜೊತೆ ಗರಗಸ ಹಿಡಿದವನು. ಅಂಗಡಿಯ ಗೋಡೆಯ ಮೇಲೆ ದೊಡ್ಡ ಲೀಗಿನ ತಂಡದ ಫೋಟೊ, ಅದಕ್ಕೆ ಅಪ್ಪನೇ ಮಾಡಿದ ತೇಗದ ಚೌಕಟ್ಟು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಭಾನುವಾರ ಮಧ್ಯಾಹ್ನ ಹೊಸ ಲೀಗಿನಲ್ಲಿ ಅಣ್ಣನ ಮೊದಲ ಪಂದ್ಯ. ಅಪ್ಪನಿಗೆ ಅದನ್ನು ತೋರಿಸಲೇಬೇಕೆಂದು ನಾನು ಹಟ ಹಿಡಿದು ಅಂಗಡಿಯ ಟಿ.ವಿ. ಹಾಕಿದೆ.

“ಆರಿಸೋ. ಅದೂ ಒಂದು ಲೀಗಾ? ಸಂತೆ,” ಎಂದ ಅಪ್ಪ. ಟಿ.ವಿ.ಗೆ ಬೆನ್ನು ಹಾಕಿ ಬಾಗಿಲಿನ ಹಲಗೆಗೆ ಉಪ್ಪುಕಾಗದ ಉಜ್ಜುತ್ತಿದ್ದ.

“ಸಂತೇಲೇ ತಾನೇ ಮಜಾ ಇರೋದು,” ಎಂದರು ಪಾಲಿಶ್ ಮಾಮ. ನಮ್ಮ ಮರಕ್ಕೆಲ್ಲ ಪಾಲಿಶ್ ಹೊಡೆಯುವ ಇವರೊಬ್ಬರೇ ಅಪ್ಪನಿಗೆ ಎದುರಾಡುವ ಪ್ರಾಣಿ.

ಮಜಾ ನಿಜವಾಗಿಯೂ ಇತ್ತು. ದೊಡ್ಡ ಲೀಗಿನಲ್ಲಿ ಕ್ಯಾಮೆರಾ ಅರ್ಧ ಹೊತ್ತು ಮಾಲೀಕರ ಕಪ್ಪು ಕನ್ನಡಕ ತೋರಿಸುತ್ತದೆ. ಇಲ್ಲಿರುವುದೇ ಮೂರು ಕ್ಯಾಮೆರಾ, ಮೂರೂ ಚೆಂಡಿನ ಹಿಂದೆ ಏದುಸಿರು ಬಿಡುತ್ತ ಓಡುತ್ತವೆ. ಚೆಂಡು ಬೇಲಿ ದಾಟಿದರೆ ಆಟಗಾರನೇ ಬೇಲಿ ಹತ್ತುತ್ತಾನೆ. ಪಂದ್ಯ ಸಮವಾದರೆ ಇಬ್ಬರಿಗೂ ಅಂಕವಿಲ್ಲ. ಹಾಗಾಗಿ ಹಿಂದೆ ಅಡಗಿ ಕೂರುವ ಹೇಡಿಗಳಿಲ್ಲ, ಎಲ್ಲರೂ ನುಗ್ಗುವವರೇ. ಇನ್ನು ಗೋಲ್‌ಕಂಬದ ಹಿಂದೆ ಒಂದು ಮೈಕು ಇಟ್ಟಿದ್ದಾರೆ. ಜನ ಕಡಿಮೆ, ಮೈದಾನದ ಬೈಗುಳವೆಲ್ಲ ನೇರ ನಮ್ಮ ಕಿವಿಗೆ.

ಇಪ್ಪತ್ತು ನಿಮಿಷದಲ್ಲಿ ಅಣ್ಣ ಎರಡು ಗೋಲು ಬಿಟ್ಟುಕೊಟ್ಟ. ಅಪ್ಪ ತಿರುಗಲಿಲ್ಲ, ಉಜ್ಜುತ್ತಲೇ ಇದ್ದ. ನನಗೆ ಟಿ.ವಿ. ಒಡೆದುಹಾಕುವಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ.

ಆಗ ಮೈಕಿನಲ್ಲಿ ಅಣ್ಣ ತನ್ನ ಡಿಫೆಂಡರಿಗೆ ಕಿರುಚಿದ್ದು ಕೇಳಿಸಿತು: “ಏ ದಡ್ಡ, ಕಣ್ಣು ಚೆಂಡಿನ ಮೇಲಿರಲಿ, ಕಾಲು ತಾನಾಗೇ ಬರುತ್ತೆ!”

ಉಪ್ಪುಕಾಗದದ ಸದ್ದು ನಿಂತಿತು.

ಕಣ್ಣು ಗೆರೆ ಮೇಲಿರಲಿ, ಕೈ ತಾನಾಗೇ ಬರುತ್ತೆ ಅಂತ ಗರಗಸ ಕೊಟ್ಟ ಮೊದಲ ದಿನ ಅಪ್ಪ ನಮ್ಮಿಬ್ಬರಿಗೂ ಹೇಳಿದ್ದ. ‘ದಡ್ಡ’ ಅನ್ನೋದೂ ಸೇರಿಸಿ.

“ಬೈಗುಳಾನೂ ಮನೆಯಿಂದಾನೇ ಕಟ್ಕೊಂಡು ಹೋಗಿದಾನಲ್ಲಪ್ಪ ನಿನ್ ಮಗ!” ಪಾಲಿಶ್ ಮಾಮ ನಕ್ಕರು.

ಅಪ್ಪ ತಿರುಗಿದ. ಕನ್ನಡಕದ ಮೇಲಿನ ಮರದ ಹೊಟ್ಟು ಒರೆಸಿ, ಸ್ಟೂಲು ಎಳೆದು ಕೂತ. ಅಣ್ಣ ಹಾರಿ ಒಂದು ಚೆಂಡು ತಡೆದಾಗ ಅಪ್ಪನ ಎರಡೂ ಕೈ ಮೇಲಕ್ಕೆ ಹೋದವು. ನಾಚಿಕೊಂಡು ಇಳಿಸಿದ.

“ಎಡಗಡೆ ಪೂರ್ತಿ ತೆರೆದಿಟ್ಟು ನಿಂತಿದಾನೆ ನೋಡು, ಕತ್ತೆ,” ಎಂದ.

ಅಣ್ಣನ ತಂಡ ನಾಲ್ಕು-ಮೂರರಿಂದ ಸೋತಿತು. ನಾಲ್ಕನೆಯದು ಎಡಗಡೆಯಿಂದಲೇ ಹೋಯಿತು.

“ಫೋನ್ ಮಾಡಿ ಹೇಳೋ ಅವನಿಗೆ,” ಎಂದ ಅಪ್ಪ.

“ನಾನ್ಯಾಕೆ ಹೇಳ್ಲಿ? ನೀನೇ ಹೇಳು.”

ಅಪ್ಪ ನನ್ನನ್ನು ಗುರಾಯಿಸಿದ. ಬೇಕಾದರೆ ಹೊಡೆಯಲಿ ಅಂತ ನಾನೂ ಗುರಾಯಿಸಿದೆ. ಕೊನೆಗೆ ಅವನೇ ಜೇಬಿಗೆ ಕೈ ಹಾಕಿ ಫೋನು ತೆಗೆದ. ಮೂರು ಸಲ ಮಾಡಿದ ಮೇಲೆ ಅಣ್ಣ ಎತ್ತಿದ.

“ಕಣ್ಣು ಎಲ್ಲಿತ್ತೋ, ದಡ್ಡ?” ಎಂದ ಅಪ್ಪ.

ಆಮೇಲೆ ಅರ್ಧ ಗಂಟೆ ಆ ಎಡಗಡೆಯ ಮಾತೇ ನಡೆಯಿತು. ಹಲಗೆ ಅರ್ಧಕ್ಕೇ ನಿಂತಿತ್ತು. ಮಿಕ್ಕಿದ್ದನ್ನು ನಾನು ಸದ್ದಾಗದಂತೆ ಉಜ್ಜಿದೆ.